ಮೂಗಿಲ್ಲದ ದೋಣಿ: ಹಳೆಯ ಮಿರರ್ ಡಿಂಗಿಯನ್ನು ಮತ್ತೆ ನೀರಿಗಿಳಿಸುವ ಬಗೆ

ಗಂಗೊಳ್ಳಿಯಲ್ಲಿರುವ ದೊಡ್ಡಪ್ಪನಿಗೆ ವಿಡಿಯೋ ಕಾಲ್ ಮಾಡಿ ದೋಣಿ ತೋರಿಸಿದಾಗ ಅವರು ಮೊದಲು ಕೇಳಿದ್ದು, "ಇದ್ರ ಮೂಗ್ ಎಲ್ಲಿತ್ತ್ ಮಾರಾಯಾ?" ಅಂತ. ಕೇಳಿದ್ದರಲ್ಲಿ ತಪ್ಪಿಲ್ಲ. ಮಿರರ್ ಡಿಂಗಿ ಎಂಬ ಈ ಪುಟ್ಟ ಹಾಯಿದೋಣಿಯ ಮುಂಭಾಗ ಚೂಪಾಗಿರುವುದಿಲ್ಲ. ಯಾರೋ ಗರಗಸ ಹಾಕಿ ಮೂತಿ ಕೊಯ್ದು, ಅಲ್ಲೊಂದು ಹಲಗೆ ಬಡಿದ ಹಾಗೆ ಮೊಂಡಾಗಿರುತ್ತದೆ. ಉದ್ದ 3.3 ಮೀಟರ್, ಅಂದರೆ ಹತ್ತು ಅಡಿ ಹತ್ತಿಂಚು ಅಷ್ಟೇ. ಅಷ್ಟರಲ್ಲೇ ಇಬ್ಬರು ದೊಡ್ಡವರು ಕೂರಬೇಕಾದರೆ ಮೂಗನ್ನು ಬಿಟ್ಟುಕೊಡಲೇಬೇಕು.

ನಾನು ಇಂಗ್ಲೆಂಡಿನ ನಾರಿಚ್‌ನಲ್ಲಿ ನರ್ಸ್. ಊರು ಕುಂದಾಪುರದ ಕಡೆ. ಇಲ್ಲಿಂದ ಕಾರಿನಲ್ಲಿ ಸ್ವಲ್ಪ ದೂರ ಹೋದರೆ ಬ್ರಾಡ್ಸ್ ಎಂಬ ಹೊಳೆ-ಕೆರೆಗಳ ಜಾಲ ಸಿಗುತ್ತದೆ. ನೋಡಿದರೆ ದೇವರು ಮಾಡಿದ ಕೆರೆಗಳಂತಿವೆ. ಆದರೆ ಅವು ಮಧ್ಯಯುಗದಲ್ಲಿ ಜನ ಉರುವಲಿಗೆಂದು ಪೀಟ್ ಮಣ್ಣು ತೆಗೆದ ಹೊಂಡಗಳು. ಆಮೇಲೆ ನೀರು ತುಂಬಿಕೊಂಡವು. ಇದು ಖಚಿತವಾಗಿ ಗೊತ್ತಾದದ್ದೇ 1950ರ ದಶಕದಲ್ಲಿ, ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯವಿಜ್ಞಾನಿ ತಳ ಕೊರೆದು ನೋಡಿದ ಮೇಲೆ. ನಮ್ಮ ಕಡೆ ಕೆಂಪುಕಲ್ಲು ಕಡಿದ ಕೋರೆಗಳಲ್ಲಿ ಮಳೆಗಾಲದ ನೀರು ನಿಲ್ಲುತ್ತದಲ್ಲ, ಅದೇ ಕತೆ. ನೀರು ಆಳವಿಲ್ಲ, ಅಲೆಯಿಲ್ಲ, ಗಾಳಿಗೆ ಅಡ್ಡವಿಲ್ಲ. ಸಣ್ಣ ಹಾಯಿದೋಣಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಡ.

ಮಿರರನ್ನು 1962ರಲ್ಲಿ ರೂಪಿಸಿದವರು ಇಬ್ಬರು: ದೋಣಿ ವಿನ್ಯಾಸಕಾರ ಜ್ಯಾಕ್ ಹೋಲ್ಟ್ ಮತ್ತು ಟಿವಿಯಲ್ಲಿ ಮನೆಗೆಲಸದ ರಿಪೇರಿ ಹೇಳಿಕೊಡುತ್ತಿದ್ದ ಬ್ಯಾರಿ ಬಕ್ನೆಲ್. ಡೈಲಿ ಮಿರರ್ ಪತ್ರಿಕೆ ಬೆನ್ನಿಗೆ ನಿಂತಿತು. ಹೆಸರು ಬಂದದ್ದು ಅಲ್ಲಿಂದಲೇ. 63 ಪೌಂಡ್ 11 ಶಿಲ್ಲಿಂಗ್ ಕೊಟ್ಟರೆ ಕತ್ತರಿಸಿದ ಪ್ಲೈವುಡ್ ತುಂಡುಗಳ ಕಿಟ್ ಮನೆಗೆ ಬರುತ್ತಿತ್ತು. ಎಪ್ಪತ್ತು ಸಾವಿರಕ್ಕೂ ಹೆಚ್ಚು ದೋಣಿಗಳಾದವು. ಅದಕ್ಕೇ ಇವತ್ತಿಗೂ ಯಾರದೋ ಗ್ಯಾರೇಜಿನಲ್ಲಿ, ಯಾರದೋ ಹಿತ್ತಲಲ್ಲಿ ಒಂದು ಬೋರಲು ಬಿದ್ದಿರುತ್ತದೆ.

ಅದನ್ನು ಕಟ್ಟುವ ರೀತಿಯನ್ನು ದೊಡ್ಡಪ್ಪನಿಗೆ ಹೇಳಿದೆ. ಹಲಗೆಗಳ ಅಂಚಿನುದ್ದಕ್ಕೂ ತೂತು ಕೊರೆದು, ತಾಮ್ರದ ತಂತಿ ಪೋಣಿಸಿ ತಿರುಚಿ ಬಿಗಿದು, ಆಮೇಲೆ ಸಂದಿಯ ಮೇಲೆ ಗಾಜಿನ ನಾರಿನ ಗ್ಲಾಸ್ ಟೇಪು ಇಟ್ಟು, ರೆಸಿನ್ ಎಂಬ ಗಟ್ಟಿಯಾಗುವ ಅಂಟು ಹಚ್ಚುವುದು. ಅವರ ಮುಖ ಅರಳಿತು. "ಹೊಲ್ದದ್ದಾ? ಹಂಗಾರೆ ನಮ್ ದೋಣಿಯೇ ಅಲ್ದಾ ಅದ್!" ಅವರು ಹುಡುಗರಾಗಿದ್ದಾಗ ರಂಪಣಿ ಎಂಬ ದೊಡ್ಡ ಬಲೆ ಬಿಡುವ ದೋಣಿಗಳ ಕಾಲ. ಆ ದೋಣಿಗಳ ಹಲಗೆಗಳಿಗೆ ಮೊಳೆಯಿರಲಿಲ್ಲ; ತೂತು ಕೊರೆದು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿಯುತ್ತಿದ್ದರು. ಮೂಗಿಲ್ಲದ ದೋಣಿಗೆ ಅಂದಿನಿಂದ ನಮ್ಮ ಮನೆಯಲ್ಲಿ ಮರ್ಯಾದೆ ಬಂತು.

ಆ ದಿನ ಫೋನ್ ಇಡುವ ಮೊದಲು ಅವರು ಹೇಳಿದ ಒಂದು ಮಾತು: "ನೀರ್ ನಿಲ್ಲುದ್ ಎಲ್ಲಿ, ಅದನ್ನ್ ಕಾಣ್ ಮೊದ್ಲ್." ನಾನು ಅದನ್ನು ಕಿವಿಗೆ ಹಾಕಿಕೊಳ್ಳದೆ ಆರು ತಿಂಗಳು ಕಳೆದುಕೊಂಡೆ. ನೀವು ಕಳೆದುಕೊಳ್ಳಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಕೊಳ್ಳುವ ಮೊದಲು

ದುಡ್ಡು ಕೊಡುವ ಮುಂಚೆ ಒಂದು ಗಂಟೆ ದೋಣಿಯ ಜೊತೆ ಕಳೆಯಿರಿ. ಟಾರ್ಚು, ಸ್ಕ್ರೂಡ್ರೈವರ್, ದಬ್ಬಳ, ಕೆಳಗೆ ಮಲಗಿ ನೋಡಲು ಒಂದು ಹಳೆ ಚಾಪೆ ಇದ್ದರೆ ಸಾಕು.

ಸ್ಕ್ರೂಡ್ರೈವರಿನ ಹಿಡಿಯಿಂದ ಇಡೀ ದೋಣಿಯನ್ನು ಗೇಣು ಗೇಣಿಗೆ ತಟ್ಟುತ್ತಾ ಹೋಗಿ. ಇದು ನನಗೆ ಹೊಸದಲ್ಲ. ರೋಗಿಯ ಎದೆಯ ಮೇಲೆ ಬೆರಳಿಟ್ಟು ತಟ್ಟಿದರೆ ಗಾಳಿಯಿರುವ ಕಡೆ ಒಂದು ಸದ್ದು, ನೀರು ತುಂಬಿದ ಕಡೆ ಇನ್ನೊಂದು. ಮರವೂ ಹಾಗೇ. ಗಟ್ಟಿ ಮರ ಟಕ್ ಟಕ್ ಅನ್ನುತ್ತದೆ. ಲಡ್ಡಾದ ಮರ ಬೆಂದ ಗೆಣಸಿಗೆ ತಟ್ಟಿದಂತೆ ದಬ್ ಅನ್ನುತ್ತದೆ. ದಬ್ ಅಂದ ಕಡೆ ದಬ್ಬಳದ ತುದಿಯನ್ನು ಮೆಲ್ಲಗೆ ಒತ್ತಿ. ಒಳಗೆ ಹೋದರೆ ಅಲ್ಲಿ ಮರ ಸತ್ತಿದೆ. ಮಾರುವವರ ಅನುಮತಿ ಕೇಳಿಯೇ ಚುಚ್ಚಿ. ಬೇಡವೆಂದರೆ ಅದೂ ಒಂದು ಉತ್ತರವೇ.

ಮುಖ್ಯವಾಗಿ ನೋಡಬೇಕಾದ ಜಾಗಗಳು: ಹಿಂದಿನ ಹಲಗೆಯ ಕೆಳಗಿನ ಎರಡು ಮೂಲೆ, ಡ್ಯಾಗರ್ ಬೋರ್ಡ್ (ದೋಣಿ ಪಕ್ಕಕ್ಕೆ ಜಾರದಂತೆ ತಳದಿಂದ ನೀರಿಗಿಳಿಸುವ ಹಲಗೆ) ಇಳಿಯುವ ಪೆಟ್ಟಿಗೆ ತಳಕ್ಕೆ ಕೂಡುವ ಸಂದಿ, ಕೂವೆಮರ ಅಂದರೆ ಹಾಯಿ ಕಟ್ಟುವ ಕಂಬ ನಿಲ್ಲುವ ಜಾಗ, ಆಮೇಲೆ ಗಾಳಿ ಟ್ಯಾಂಕುಗಳ ಒಳತಳ. ಮಿರರಿನಲ್ಲಿ ಮುಂದೆ, ಹಿಂದೆ, ಎರಡು ಪಕ್ಕದಲ್ಲಿ ಮುಚ್ಚಿದ ಟ್ಯಾಂಕುಗಳಿವೆ. ಮಗುಚಿದರೂ ಮುಳುಗದಂತೆ ಕಾಯುವುದು ಅವೇ. ಬಹಳಷ್ಟು ದೋಣಿಗಳನ್ನು ಕೊಲ್ಲುವುದೂ ಅವೇ. ಯಾರೋ ಬಿರಡೆ ಬಿಗಿದು ಚಳಿಗಾಲಕ್ಕೆ ಮುಚ್ಚಿಟ್ಟು ಹೋಗುತ್ತಾರೆ, ಒಳಗಿದ್ದ ಎರಡು ಲೋಟ ನೀರು ಹತ್ತು ವರ್ಷ ಅಲ್ಲೇ ಕೂತಿರುತ್ತದೆ. ಬಿರಡೆ ತೆಗೆದು ಮೂಗಿಟ್ಟು ನೋಡಿ. ಹಳೆ ಮರದ ವಾಸನೆ ಬಂದರೆ ಸರಿ. ಮಳೆಗಾಲದಲ್ಲಿ ಒದ್ದೆ ಬಟ್ಟೆ ಮೂಟೆ ಕಟ್ಟಿಟ್ಟ ವಾಸನೆ ಬಂದರೆ ಚೌಕಾಸಿ ಮಾಡಿ.

ಇನ್ನೊಂದು ಮಾತು. ಮೈ ಕೆಟ್ಟಿದ್ದರೂ ಸಾಮಾನು ಪೂರ್ತಿ ಇರುವ ದೋಣಿ ಕೊಳ್ಳಿ. ಮೈ ಹೊಳೆಯುತ್ತಿದ್ದು ಸಾಮಾನಿಲ್ಲದ್ದು ಬೇಡ. ಕೂವೆಮರ, ಹಾಯಿಯನ್ನು ಮೇಲೆತ್ತುವ ಗಾಫ್ ಕೋಲು, ಅಡಿಯ ಬೂಮ್ ಕೋಲು, ಚುಕ್ಕಾಣಿ, ಡ್ಯಾಗರ್ ಬೋರ್ಡ್, ಇವು ಐದೂ ಇವೆಯೇ ಎಣಿಸಿ. ಒಂದೊಂದನ್ನೇ ಹೊಸದು ತರಲು ಹೋದರೆ ದೋಣಿಯ ಬೆಲೆ ಮೀರುತ್ತದೆ. ನನ್ನದು ಒಬ್ಬರ ಹೊಲದ ಮೂಲೆಯಲ್ಲಿ ಟಾರ್ಪಾಲಿನ ಕೆಳಗಿತ್ತು. ಒಳಗೆ ಎಲೆ ಕೊಳೆತು ಗೊಬ್ಬರವಾಗಿತ್ತು, ಒಂದು ಕಪ್ಪೆಯೂ ಇತ್ತು. ಎಳೆಯುವ ಟ್ರಾಲಿ ಸೇರಿ 120 ಪೌಂಡ್. ಕಪ್ಪೆಯನ್ನು ಅಲ್ಲೇ ಬಿಟ್ಟು ಬಂದೆ.

ಬಣ್ಣದ ಡಬ್ಬಿ ತೆರೆಯಬೇಡಿ

ದೋಣಿ ತಂದದ್ದು ಅಕ್ಟೋಬರಿನಲ್ಲಿ. ಮರುವಾರವೇ ಮೇಲ್ಗಡೆ ಉಜ್ಜಿ, ನೀಲಿ ಬಣ್ಣ ಎರಡು ಕೋಟು ಬಳಿದೆ. ಫೋಟೋ ತೆಗೆದು ಊರಿನ ಗುಂಪಿಗೆ ಕಳಿಸಿದೆ. ಎಲ್ಲರೂ ಹೂವಿನ ಚಿತ್ರ ಹಾಕಿದರು. ದೊಡ್ಡಪ್ಪ ಮಾತ್ರ ಏನೂ ಹೇಳಲಿಲ್ಲ.

ಮಾರ್ಚಿನಲ್ಲಿ ನೋಡಿದರೆ ನೀಲಿಯ ತುಂಬಾ ಬೊಕ್ಕೆ. ಉಗುರಿನಿಂದ ಒಂದನ್ನು ಕೆರೆದೆ, ಒಳಗಿಂದ ನೀರು ಒಸರಿತು. ಮೇಲೆ ಥಳುಕು, ಒಳಗೆ ಹುಳುಕು ಅನ್ನುವ ಗಾದೆಗೆ ಇದಕ್ಕಿಂತ ಚೆನ್ನಾದ ಉದಾಹರಣೆ ನಾನು ಕಂಡಿಲ್ಲ. ಟ್ಯಾಂಕಿನೊಳಗಿನ ತೇವ ಹೊರಬರಲು ದಾರಿ ಹುಡುಕುತ್ತಿತ್ತು, ನಾನು ಹೋಗಿ ಆ ದಾರಿಗೇ ಬಣ್ಣ ಬಳಿದಿದ್ದೆ. ಎರಡು ವಾರದ ಕೆಲಸ, 40 ಪೌಂಡಿನ ಬಣ್ಣ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಆದ್ದರಿಂದ ಮೊದಲ ಕೆಲಸ ಒಣಗಿಸುವುದು. ಅದಕ್ಕೂ ಮೊದಲು ತೊಳೆಯುವುದು. ಸಮುದ್ರದಲ್ಲಿ ಓಡಾಡಿದ ದೋಣಿಯಾದರೆ ಟ್ಯಾಂಕಿನೊಳಗೂ ಸಿಹಿನೀರು ಹಾಯಿಸಿ ಎರಡು ಮೂರು ಸಲ ಜಾಲಾಡಿಸಿ. ಉಪ್ಪು ಉಳಿದರೆ ಮರ ಎಂದೂ ಪೂರ್ತಿ ಒಣಗದು. ಆಷಾಢದಲ್ಲಿ ಉಪ್ಪಿನ ಭರಣಿ ತಾನೇ ನೀರಾಡುವುದಿಲ್ಲವೇ, ಹಾಗೆ. ಆಮೇಲೆ ಎಲ್ಲ ಬಿರಡೆ, ಎಲ್ಲ ಮುಚ್ಚಳ ತೆಗೆದು, ದೋಣಿಯನ್ನು ನೆಲದಿಂದ ಮೇಲೆತ್ತಿ, ಗಾಳಿಯಾಡುವ ಕಡೆ ಇಡಿ. ಗ್ಯಾರೇಜಾದರೆ ಡಿಹ್ಯುಮಿಡಿಫೈಯರ್ ಹಚ್ಚಿ. ನನ್ನದು ಮೊದಲ ರಾತ್ರಿಯೇ ಎರಡು ಲೀಟರ್ ನೀರು ಹಿಡಿಯಿತು. ಮರದ ತೇವ ಅಳೆಯುವ ಮೀಟರು ಅಗ್ಗಕ್ಕೆ ಸಿಗುತ್ತದೆ. ಎಲ್ಲ ಕಡೆ 15 ಶೇಕಡಾಕ್ಕಿಂತ ಕೆಳಗೆ ತೋರಿಸುವವರೆಗೆ ಬೇರೆ ಯಾವ ಡಬ್ಬಿಯನ್ನೂ ತೆರೆಯಬೇಡಿ. ನನಗೆ ಏಳು ವಾರ ಹಿಡಿಯಿತು. ಟ್ಯಾಂಕಿಗೆ ಕೈ ಹೋಗುವಷ್ಟು ಕಿಂಡಿ ಇಲ್ಲದಿದ್ದರೆ ಗುಂಡಗೆ ಕೊರೆದು, ತಿರುಗಿಸಿ ಮುಚ್ಚುವ ಪ್ಲಾಸ್ಟಿಕ್ ಮುಚ್ಚಳ ಕೂರಿಸುವ ಕೆಲಸವನ್ನೂ ಈಗಲೇ ಮಾಡಿ. ಮುಂದಿನ ಇಪ್ಪತ್ತು ವರ್ಷ ದೋಣಿ ಉಸಿರಾಡುವುದು ಅದರಿಂದಲೇ.

ಸೋಪು ನೀರಿನ ಪರೀಕ್ಷೆ

ಒಣಗಿದ ಮೇಲೆ ಟ್ಯಾಂಕುಗಳು ಎಲ್ಲಿ ಸೋರುತ್ತವೆ ಎಂದು ನೋಡಬೇಕು. ಎಲ್ಲ ಮುಚ್ಚಳ ಹಾಕಿ. ಒಂದು ಬಿರಡೆಯ ತೂತಿಗೆ ರಬ್ಬರ್ ಕೊಳವೆ ತೂರಿಸಿ, ಸುತ್ತ ಗ್ರೀಸು ಮೆತ್ತಿ. ಒಬ್ಬರು ಬಾಯಿಂದ ಊದಬೇಕು, ಇನ್ನೊಬ್ಬರು ಸಂದಿಗಳ ಮೇಲೆ ಸೋಪು ನೀರು ಬಳಿಯಬೇಕು. ಬಾಯಿಂದಲೇ ಊದಿ. ಕಂಪ್ರೆಸರ್, ಕಾಲಲ್ಲಿ ಒತ್ತುವ ಪಂಪು ಹಚ್ಚಿದರೆ 5 ಮಿಲಿಮೀಟರಿನ ಪ್ಲೈವುಡ್ ಉಬ್ಬಿ, ಗಟ್ಟಿಯಾಗಿದ್ದ ಸಂದಿಯೂ ಕಿತ್ತು ಬರುತ್ತದೆ.

ಎಂಟು ವರ್ಷದ ಮಗಳು ಸೋಪು ಬಳಿಯುವ ಕೆಲಸ ತನಗೇ ಬೇಕೆಂದಳು. ನಾನು ಕೆನ್ನೆ ಉಬ್ಬಿಸಿ ಊದುತ್ತಿದ್ದೆ. ಎಡ ಟ್ಯಾಂಕಿನಲ್ಲಿ ಏನೂ ಇಲ್ಲ. ಬಲಗಡೆ, ಟ್ಯಾಂಕಿನ ಮೇಲ್ಹಲಗೆ ಹಿಂದಿನ ಹಲಗೆಗೆ ಕೂಡುವ ಮೂಲೆಯಲ್ಲಿ, "ಅಪ್ಪಾ, ಇಲ್ಲಿ ಏಡಿ ಉಸಿರಾಡ್ತಾ ಇದೆ" ಅಂದಳು. ಊರಿಗೆ ಹೋದಾಗ ಮರಳಿನಲ್ಲಿ ಏಡಿ ಬಿಲದ ಗುಳ್ಳೆ ನೋಡಿದ್ದಳು. ಸರಿಯಾಗಿ ಹಾಗೇ ಒಂದರ ಹಿಂದೊಂದು ಸಣ್ಣ ಗುಳ್ಳೆ. ಇನ್ನೊಂದು ಸೋರಿಕೆ ಯಾರೋ ಹಿಂದೆ ಹೊಡೆದು ಕಿತ್ತ ಸ್ಕ್ರೂವಿನ ತೂತಿನಲ್ಲಿ. ಎರಡಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿದೆವು. ಕಿಂಡಿಯೊಳಗೆ ನನ್ನ ಮೊಣಕೈ ಹೋಗದು. ಅವಳೇ ಫೋನು ಹಿಡಿದು ಕೈ ತೂರಿಸಿ ಒಳಗಿನ ಮೂಲೆಯ ವಿಡಿಯೋ ತೆಗೆದಳು. ಟೇಪು ಎದ್ದು ನಿಂತಿತ್ತು, ಅದರ ಹಿಂದೆ ಹಲಗೆ ಕಪ್ಪಾಗಿತ್ತು. ನೀರು ನಿಲ್ಲುವ ಜಾಗ ಸಿಕ್ಕಿತ್ತು.

ಹಳೆ ಬಣ್ಣ ತೆಗೆಯುವ ಬಗ್ಗೆ ಹೆಚ್ಚು ಹೇಳಲಾರೆ, ಅದು ಬರೀ ಮೈಮುರಿತ. ಹೀಟ್ ಗನ್ ಮತ್ತು ಚೂಪು ಮಾಡಿದ ಕೆರೆಯುವ ಉಳಿ ಸಾಕು. ಸಂದಿಯ ಟೇಪಿನ ಹತ್ತಿರ ಬಿಸಿ ಗಾಳಿ ಬಿಡಬೇಡಿ, ರೆಸಿನ್ ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. 60-70ರ ದಶಕದ ಬಣ್ಣಗಳಲ್ಲಿ ಸೀಸ ಇರಬಹುದು. ಪರೀಕ್ಷಿಸುವ ಕಡ್ಡಿ ಅಂಗಡಿಯಲ್ಲಿ ಸಿಗುತ್ತದೆ. ಸೀಸ ಇದ್ದರೆ ಹೀಟ್ ಗನ್ ಬಿಟ್ಟು, ನೀರು ಹಚ್ಚಿ ಒದ್ದೆಯಲ್ಲೇ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ. ಪ್ಲೈವುಡ್ಡಿನ ಮೇಲ್ಪದರ ದೋಸೆಯಷ್ಟು ತೆಳು. ಮಷೀನಿನಲ್ಲಿ ಉಜ್ಜುವಾಗ ಒಂದೇ ಕಡೆ ನಿಂತರೆ ಕೆಳಗಿನ ಪದರ ಕಾಣುತ್ತದೆ, ಆ ಕಲೆ ಜನ್ಮದಲ್ಲಿ ಹೋಗದು.

ತೇಪೆ ಹಾಕುವುದು

ಈಗ ಈ ಕೆಲಸದ ತಿರುಳಿಗೆ ಬರೋಣ. ಮಿರರನ್ನು ಮೊದಲು ಕಟ್ಟಿದ್ದು ಪಾಲಿಯೆಸ್ಟರ್ ರೆಸಿನ್‌ನಲ್ಲಿ. ರಿಪೇರಿಗೆ ಎಪಾಕ್ಸಿಯನ್ನೇ, ಅಂದರೆ ಎರಡು ದ್ರವ ಕಲಸಿ ಗಟ್ಟಿಯಾಗಿಸುವ ಇನ್ನೊಂದು ಬಗೆಯ ರೆಸಿನ್ನನ್ನೇ ಬಳಸಿ. ಎಪಾಕ್ಸಿ ಮರಕ್ಕೂ ಹಿಡಿಯುತ್ತದೆ, ಉಜ್ಜಿದ ಹಳೆ ಪಾಲಿಯೆಸ್ಟರಿಗೂ ಹಿಡಿಯುತ್ತದೆ. ಪಾಲಿಯೆಸ್ಟರ್ ಮಾತ್ರ ಎಪಾಕ್ಸಿಯ ಮೇಲೆ ಸರಿಯಾಗಿ ಕೂರುವುದಿಲ್ಲ.

ಎಪಾಕ್ಸಿಯ ವಿಷಯದಲ್ಲಿ ಅಡುಗೆಮನೆಯ ಕೈಗುಣ ನಡೆಯದು. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಒಂದು ಚಮಚ ಜಾಸ್ತಿ ಹಾಕಿದರೆ ಅದು ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ. ನನ್ನದು ಐದು ಪಾಲು ರೆಸಿನ್‌ಗೆ ಒಂದು ಪಾಲು ಹಾರ್ಡ್‌ನರ್ ಅಳತೆಯದ್ದು. ನಿಮ್ಮ ಡಬ್ಬಿಯ ಮೇಲೆ ಬೇರೆ ಇದ್ದರೆ ಅದನ್ನೇ ಪಾಲಿಸಿ. ಎರಡು ನಿಮಿಷ ಪೂರ್ತಿ, ಡಬ್ಬಿಯ ಗೋಡೆ ಮತ್ತು ತಳ ಕೆರೆದು ಕಲಸಿ. ಒಂದೇ ಸಲ ಜಾಸ್ತಿ ಕಲಸಬೇಡಿ. ನಾನು ಮೊಸರಿನ ಡಬ್ಬಿಯಲ್ಲಿ ಕಾಲು ಲೀಟರ್ ಕಲಸಿಟ್ಟು ಬಾಗಿಲಲ್ಲಿ ಬಂದ ಪಾರ್ಸೆಲ್ ತಗೊಳ್ಳಲು ಹೋದೆ. ಬಂದು ನೋಡಿದರೆ ಡಬ್ಬಿ ಸೊಟ್ಟಗಾಗಿ ಹೊಗೆಯಾಡುತ್ತಿತ್ತು. ಆಳದ ಪಾತ್ರೆಯಲ್ಲಿ ಅದರ ಬಿಸಿ ಹೊರಗೆ ಹೋಗಲಾರದೆ ತನ್ನನ್ನು ತಾನೇ ಬೇಯಿಸಿಕೊಳ್ಳುತ್ತದೆ. ಅಗಲವಾದ ತಟ್ಟೆಗೆ ಸುರಿದುಕೊಂಡರೆ ಕೆಲಸಕ್ಕೆ ಸಮಯ ಸಿಗುತ್ತದೆ. ಇನ್ನು ಕೈಗವಸು. ಆಸ್ಪತ್ರೆಯವನಾಗಿ ಹೇಳುತ್ತೇನೆ, ನೈಟ್ರೈಲ್ ಗ್ಲೌಸ್ ಇಲ್ಲದೆ ಇದನ್ನು ಮುಟ್ಟಬೇಡಿ. ಒಮ್ಮೆ ಚರ್ಮಕ್ಕೆ ಇದರ ಅಲರ್ಜಿ ಹತ್ತಿದರೆ ಬಿಡುವುದಿಲ್ಲ. ಮೈಗೆ ತಾಗಿದರೆ ಥಿನ್ನರ್ ಹಾಕಿ ತಿಕ್ಕಬೇಡಿ, ಅದು ಇನ್ನಷ್ಟು ಒಳಗೆ ಇಳಿಸುತ್ತದೆ. ಸೋಪು ನೀರು ಸಾಕು.

ಕಲಸಿದ ಎಪಾಕ್ಸಿಗೆ ಮರದ ಹುಡಿ, ಸಿಲಿಕಾ ಪುಡಿ ಬೆರೆಸಿ ಬೇಕಾದ ಹದಕ್ಕೆ ತರಬೇಕು. ಮೂರು ಹದ ಗೊತ್ತಿದ್ದರೆ ಸಾಕು. ಬರೀ ಮರಕ್ಕೆ ಕುಡಿಸಲು ನೀರುದೋಸೆ ಹಿಟ್ಟು, ಅಂದರೆ ಪುಡಿಯೇ ಇಲ್ಲದ್ದು. ಎರಡು ಹಲಗೆ ಅಂಟಿಸಲು ಇಡ್ಲಿ ಹಿಟ್ಟು. ಮೂಲೆಗೆ ಕೊಡುವ ಗುಂಡನೆ ಮೆತ್ತುಗೆಗೆ ಗಟ್ಟಿ ಚಟ್ನಿ: ಚಮಚ ಬೋರಲು ಮಾಡಿದರೂ ಬೀಳಬಾರದು.

ಹಿಂದಿನ ಹಲಗೆಯ ಬಲ ಮೂಲೆಯಲ್ಲಿ ಅಂಗೈಯಗಲ ಲಡ್ಡಾಗಿತ್ತು. ಕೊಳೆತ ಗಾಯಕ್ಕೆ ಹೇಗೋ ಇದಕ್ಕೂ ಹಾಗೆ, ಸತ್ತದ್ದನ್ನು ಪೂರ್ತಿ ತೆಗೆಯದೆ ಪಟ್ಟಿ ಕಟ್ಟಿದರೆ ಪ್ರಯೋಜನವಿಲ್ಲ. ಕಪ್ಪು ಮರ ಹೋಗಿ ಬೆಳ್ಳನೆಯ ಮರ ಕಾಣುವವರೆಗೆ ಕೊಯ್ದೆ, ಅದರಾಚೆಗೂ ಎರಡು ಬೆರಳು ಕೊಯ್ದೆ. ಹಳೆಯ ತಾಮ್ರದ ಹೊಲಿಗೆಯ ತುಂಡುಗಳು ಹಸಿರು ಕಿಲುಬು ಹಿಡಿದು ಹೊರಬಂದವು. ಆಮೇಲೆ ತೂತಿನ ಅಂಚನ್ನು ಇಳಿಜಾರು ಮಾಡಬೇಕು. ಹಲಗೆಯ ದಪ್ಪಕ್ಕೆ ಎಂಟು ಪಟ್ಟು ಇಳಿಜಾರು, ಅಂದರೆ 5 ಮಿಲಿಮೀಟರ್ ಹಲಗೆಗೆ 40 ಮಿಲಿಮೀಟರ್. ಪೆನ್ಸಿಲಿನಲ್ಲಿ ತೂತಿನ ಸುತ್ತ 40ರ ಗೆರೆ ಎಳೆದುಕೊಂಡು ಚಿಕ್ಕ ಕೀಸುಳಿಯಿಂದ ಒಳಮುಖವಾಗಿ ಕೀಸುತ್ತಾ ಹೋಗಿ. ಪ್ಲೈವುಡ್ಡಿನ ಚೆಂದ ಇಲ್ಲಿದೆ: ಪದರಗಳ ಅಂಟಿನ ಗೆರೆಗಳು ಸೀರೆಯ ಅಂಚಿನ ಹಾಗೆ ಸಾಲಾಗಿ ಕಾಣಿಸಿಕೊಳ್ಳುತ್ತವೆ. ಗೆರೆಗಳು ಎಲ್ಲ ಕಡೆ ಒಂದೇ ಅಗಲವಿದ್ದರೆ ಇಳಿಜಾರು ಸಮವಾಗಿದೆ. ಎಲ್ಲೋ ಗೆರೆ ಸೊಟ್ಟಗಾದರೆ ಅಲ್ಲಿ ಉಬ್ಬು ಅಥವಾ ತಗ್ಗು ಇದೆ. ಅಳತೆಪಟ್ಟಿಗಿಂತ ಈ ಗೆರೆಗಳನ್ನೇ ನಂಬಿ. ಹೊಸ ತುಂಡಿಗೂ ಅಷ್ಟೇ ಇಳಿಜಾರು ಕೊಟ್ಟು, ಎರಡಕ್ಕೂ ಮೊದಲು ನೀರುದೋಸೆ ಹದದ್ದು ಕುಡಿಸಿ, ಮೇಲೆ ಇಡ್ಲಿ ಹಿಟ್ಟು ಬಳಿದು, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಹಲಗೆಯಿಟ್ಟು ಒತ್ತಿ ಕಟ್ಟಿ. ತುಂಬಾ ಬಿಗಿಯಬೇಡಿ. ಅಂಟೆಲ್ಲ ಹಿಂಡಿ ಹೊರಗೆ ಬಂದರೆ ಸಂದಿಯಲ್ಲಿ ಉಳಿಯುವುದೇನು?

ಒಳಮೂಲೆಗೆ ಗಟ್ಟಿ ಚಟ್ನಿ ಮೆತ್ತಿ, ಮೂಲೆ ದುಂಡಗಿನ ಹಳೆ ಎಟಿಎಂ ಕಾರ್ಡಿನಲ್ಲಿ ಒಂದೇ ಎಳೆತಕ್ಕೆ ಸವರಿ, ಅದು ಹಸಿಯಿರುವಾಗಲೇ 50 ಮಿಲಿಮೀಟರ್ ಅಗಲದ ಗ್ಲಾಸ್ ಟೇಪು ಹಾಸಿ ಎಪಾಕ್ಸಿಯಲ್ಲಿ ನೆನೆಸಿದೆ. ಬಿಳಿ ಟೇಪು ಕಾಣದಂತೆ ಪಾರದರ್ಶಕವಾದರೆ ನೆನೆದಿದೆ ಎಂದರ್ಥ. ಗಟ್ಟಿಯಾದ ಮರುದಿನ ಮೇಲೆ ಮೇಣದಂಥ ಜಿಡ್ಡು ಕೂತಿರುತ್ತದೆ. ನೀರು ಮತ್ತು ಪಾತ್ರೆ ತಿಕ್ಕುವ ನಾರಿನಿಂದ ಅದನ್ನು ತೊಳೆದೇ ಮುಂದಿನ ಕೋಟು ಹಚ್ಚಬೇಕು. ಇಲ್ಲದಿದ್ದರೆ ಬಣ್ಣ ಹಿಡಿಯದು. ಗ್ಯಾರೇಜು 12-15 ಡಿಗ್ರಿಯಾದರೂ ಬೆಚ್ಚಗಿರಲಿ. ಇಲ್ಲಿಯ ಜನವರಿಯಲ್ಲಿ ಈ ಕೆಲಸಕ್ಕೆ ಕೈ ಹಾಕುವವರನ್ನು ದೇವರೇ ಕಾಪಾಡಬೇಕು.

ಇಷ್ಟಾದ ಮೇಲೆ ಬಣ್ಣ. ಪ್ರೈಮರ್, ಅಂಡರ್‌ಕೋಟ್, ಮೇಲೆರಡು ಕೋಟು. ಒಂದೇ ಡಬ್ಬಿಯ ದೋಣಿ ಬಣ್ಣ ಸಾಕು, ಎರಡು ಡಬ್ಬಿ ಬೆರೆಸುವ ದುಬಾರಿಯದ್ದು ಇಂಥ ದೋಣಿಗೆ ಬೇಡ. ಸಣ್ಣ ರೋಲರಿನಲ್ಲಿ ಬಳಿದು ಹಿಂದೆಯೇ ಒಣ ಬ್ರಷ್ಷಿನ ತುದಿಯಲ್ಲಿ ಸವರಿದರೆ ಗುಳ್ಳೆ ಹೋಗುತ್ತದೆ. ಕೋಲುಗಳಿಗೆ ವಾರ್ನಿಶ್: ಮೊದಲ ಕೋಟು ತೆಳು ಮಾಡಿ, ಮೇಲೆ ಐದು. ಸಂಜೆ ನಾಲ್ಕರ ಮೇಲೆ ವಾರ್ನಿಶ್ ಡಬ್ಬಿ ಮುಟ್ಟಬೇಡಿ, ಇಬ್ಬನಿ ಕೂತು ಹೊಳಪು ಮಂಕಾಗುತ್ತದೆ.

ಸ್ಕ್ರೂ, ಹಗ್ಗ, ಗಡಗಡೆ

ಹಳೆ ಹಿತ್ತಾಳೆ ಸ್ಕ್ರೂ ಬಿಚ್ಚಲು ಬಲ ಬೇಡ. ಮೊದಲು ತಲೆಯ ಗೀರಿನಲ್ಲಿರುವ ಬಣ್ಣವನ್ನು ಪೂರ್ತಿ ಕೆರೆಯಿರಿ. ಆಮೇಲೆ ಬಿಸಿಯಾದ ಬೆಸುಗೆ ಕಡ್ಡಿಯನ್ನು (ಸೋಲ್ಡರಿಂಗ್ ಐರನ್) ತಲೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿದು, ತಣ್ಣಗಾದ ಮೇಲೆ ತಿರುಗಿಸಿ. ಹತ್ತರಲ್ಲಿ ಎಂಟು ಬಂದವು. ಬಂದ ಸ್ಕ್ರೂ ಹಳದಿ ಹೋಗಿ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದರೊಳಗಿನ ಸತು ಕರಗಿ ಹೋಗಿದೆ. ಕೈಯಲ್ಲೇ ಮುರಿಯುತ್ತದೆ, ಎಸೆಯಿರಿ. ಹೊಸದು ಕೊಳ್ಳುವಾಗ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ.

ಹಳೆ ತೂತಿಗೇ ಹೊಸ ಸ್ಕ್ರೂ ಹಾಕಬೇಡಿ. ನೀರು ಪ್ಲೈವುಡ್ಡಿನ ಹೊಟ್ಟೆಗೆ ಇಳಿಯುವುದು ಇಂಥ ತೂತುಗಳಿಂದಲೇ. ತೂತನ್ನು ದೊಡ್ಡದು ಮಾಡಿ, ಎಪಾಕ್ಸಿ ತುಂಬಿಸಿ, ಗಟ್ಟಿಯಾದ ಮೇಲೆ ನಡುವಲ್ಲಿ ಹೊಸ ತೂತು ಕೊರೆಯಿರಿ. ಆಗ ಸ್ಕ್ರೂ ಸುತ್ತ ಎಪಾಕ್ಸಿಯ ಬಳೆ, ಮರಕ್ಕೆ ನೀರು ತಾಗದು. ಫಿಟ್ಟಿಂಗಿನ ಅಡಿಗೆ ನೀರು ತಡೆಯುವ ಮೆತ್ತನೆಯ ಬ್ಯುಟೈಲ್ ಟೇಪು ಇಡಿ. ಶಾಶ್ವತ ಅಂಟು ಹಾಕಿದರೆ ಮುಂದೆ ಬಿಚ್ಚುವವನು ನಿಮ್ಮನ್ನು ಶಪಿಸುತ್ತಾನೆ. ಆ ಬಿಚ್ಚುವವನು ಬಹುಶಃ ನೀವೇ.

ಕೂವೆಮರವನ್ನು ಹಿಡಿದ ತಂತಿಗಳನ್ನು ಬಟ್ಟೆಯಲ್ಲಿ ಹಿಡಿದು ಉದ್ದಕ್ಕೂ ಎಳೆದು ನೋಡಿ. ಬಟ್ಟೆ ಎಲ್ಲಾದರೂ ಸಿಕ್ಕಿಕೊಂಡರೆ ಒಂದು ಎಳೆ ಮುರಿದಿದೆ, ಇಡೀ ತಂತಿ ಬದಲಿಸಿ. ಇಲ್ಲಿ ಜಿಪುಣತನ ಬೇಡ.

ಹಗ್ಗಕ್ಕೆ ನಮ್ಮ ಕಡೆ ಬಳ್ಳಿ ಅನ್ನುತ್ತೇವೆ. ಮಿರರಿನಲ್ಲಿ ಮುಖ್ಯವಾದ ಬಳ್ಳಿ ಗಾಫ್ ಕೋಲನ್ನು ಎತ್ತುವಂಥದ್ದು. ಕೂವೆಮರ ಇರುವುದು ಗಿಡ್ಡ. ಹಾಯಿಯ ಮೇಲ್ಭಾಗವನ್ನು ಹಿಡಿದ ಗಾಫ್ ಕೋಲು ಅದಕ್ಕೆ ಒತ್ತಿ ನೆಟ್ಟಗೆ ಮೇಲೇರಿ ಮರವನ್ನೇ ಉದ್ದ ಮಾಡುತ್ತದೆ. ಇದಕ್ಕೆ ಗಂಟರ್ ಎನ್ನುತ್ತಾರೆ. ಇಳಿಸಿದರೆ ಎಲ್ಲ ಕೋಲುಗಳೂ ದೋಣಿಯೊಳಗೇ ಹಿಡಿಯುತ್ತವೆ, ತಗ್ಗು ಸೇತುವೆಗಳ ಈ ಸೀಮೆಯಲ್ಲಿ ಅದು ವರ. ಆದರೆ ಬಳ್ಳಿ ಜಗ್ಗಿ ಉದ್ದವಾದರೆ ಗಾಫ್ ಹಿಂದಕ್ಕೆ ವಾಲಿ, ಮರಕ್ಕೂ ಅದಕ್ಕೂ ನಡುವೆ ಸಂದು ಬಿಡುತ್ತದೆ, ಹಾಯಿ ಜೋಲಿಯಾಗುತ್ತದೆ. ಅದಕ್ಕಾಗಿ ಇದೊಂದಕ್ಕೆ ಜಗ್ಗದ 4 ಮಿಲಿಮೀಟರ್ ಡೈನೀಮಾ ಎಂಬ ಹಗ್ಗ ಹಾಕಿದೆ. ಹಾಯಿ ಎಳೆಯುವ ಕೈಬಳ್ಳಿಗೆ ಮೃದುವಾದ 8 ಮಿಲಿಮೀಟರಿನದ್ದು. ಅದರ ಕೆಲಸಕ್ಕೆ ಅಷ್ಟು ದಪ್ಪ ಬೇಡ, ಆದರೆ ಎರಡು ಗಂಟೆ ಹಿಡಿಯಬೇಕಾದದ್ದು ಅಂಗೈ. ಗಡಗಡೆಗಳನ್ನು ಬಿಸಿನೀರಿನಲ್ಲಿ ನೆನೆಸಿಟ್ಟರೆ ಅರ್ಧಕ್ಕರ್ಧ ಮತ್ತೆ ತಿರುಗುತ್ತವೆ. ಚುಕ್ಕಾಣಿ ಕಳಚದಂತೆ ತಡೆಯುವ ಚಿಕ್ಕ ಸ್ಪ್ರಿಂಗ್ ಕ್ಲಿಪ್ಪು ಇದೆಯೇ ನೋಡಿ. ಅದಿಲ್ಲದೆ ಮಗುಚಿದರೆ ಚುಕ್ಕಾಣಿ ಜಾರಿ ಹೋಗುತ್ತದೆ. ಕಾಲು ಸಿಕ್ಕಿಸಿ ಹೊರಗೆ ವಾಲುವ ಪಟ್ಟಿಯ ಹೊಲಿಗೆ ಮತ್ತು ಸ್ಕ್ರೂಗಳನ್ನು ಮೈಭಾರ ಬಿಟ್ಟು ಜಗ್ಗಿ ಪರೀಕ್ಷಿಸಿ.

ನನ್ನ ಕೆಂಪು ಹಾಯಿಯಲ್ಲಿ ಬಟ್ಟೆ ಗಟ್ಟಿಯಿತ್ತು, ಹೊಲಿಗೆ ಸತ್ತಿತ್ತು. ಬಿಸಿಲಿಗೆ ಮೊದಲು ಸೋಲುವುದು ದಾರವೇ. ಉಗುರಿನಿಂದ ಕೆರೆದಾಗ ದಾರ ಪುಡಿಯಾದರೆ ಎಲ್ಲ ಸಾಲುಗಳನ್ನೂ ಮತ್ತೆ ಹೊಲಿಯಬೇಕು. ಸ್ನಾನದ ತೊಟ್ಟಿಯಲ್ಲಿ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು ಹಾಕಿ ರಾತ್ರಿಯಿಡೀ ನೆನೆಸಿಟ್ಟೆ. ವಾಷಿಂಗ್ ಮಷೀನ್, ಬ್ಲೀಚ್ ಎರಡೂ ಬೇಡ. ಬೆಳಿಗ್ಗೆ ನೀರು ಬೆಲ್ಲದ ಕಾಫಿಯಂತಾಗಿತ್ತು. ಹೆಂಡತಿ ತನ್ನ ಹೊಲಿಗೆ ಮಷೀನಿನಲ್ಲಿ, ದಪ್ಪ ಪಾಲಿಯೆಸ್ಟರ್ ದಾರ ಹಾಕಿ, ಹಳೆ ತೂತುಗಳ ಪಕ್ಕದಲ್ಲೇ ಅಂಕುಡೊಂಕು ಹೊಲಿಗೆ ಹಾಕಿಕೊಟ್ಟಳು. ಊಟದ ಮೇಜು ಮೂರು ದಿನ ಹಾಯಿಯದೇ ಆಗಿತ್ತು, ನಾವೆಲ್ಲ ನೆಲದಲ್ಲಿ ಕೂತು ಉಂಡೆವು.

ದೋಣಿ ಬಿಟ್ಟು ಒಟ್ಟು ಖರ್ಚು 410 ಪೌಂಡ್. ಅದರಲ್ಲಿ ಎಪಾಕ್ಸಿ, ಟೇಪು, ಪ್ಲೈವುಡ್ ಸೇರಿ 180. ವ್ಯರ್ಥವಾದ ನೀಲಿ ಬಣ್ಣದ 40ನ್ನೂ ಸೇರಿಸಿ ಹೇಳುತ್ತಿದ್ದೇನೆ.

ನೀರಿಗೆ

ಬ್ರಾಡ್ಸ್‌ನಲ್ಲಿ ದೋಣಿ ಇಳಿಸಲು ವಾರ್ಷಿಕ ಸುಂಕ ಕಟ್ಟಬೇಕು, ವಿಮೆಯನ್ನೂ ಮಾಡಿಸಿಕೊಳ್ಳಿ. ಎಲ್ಲರಿಗೂ 50 ನ್ಯೂಟನ್ ತೇಲಿಸುವ ಬಲದ ತೇಲುವ ಅಂಗಿ. ಮೊದಲ ದಿನ ಹಾಯಿ ಬಿಚ್ಚುವ ಆಸೆ ಅದುಮಿಡಿ. ಸೊಂಟದಾಳದ ನೀರಿನಲ್ಲಿ ದೋಣಿಯನ್ನು ಬರಿದೇ ಒಂದು ಗಂಟೆ ನಿಲ್ಲಿಸಿ, ಆಮೇಲೆ ಬೇಕೆಂದೇ ಮಗುಚಿ ಹಾಕಿ. ಕೆಳಗೆ ಚಾಚಿದ ಡ್ಯಾಗರ್ ಬೋರ್ಡಿನ ಮೇಲೆ ಭಾರ ಬಿಟ್ಟು ಎಬ್ಬಿಸುವುದನ್ನು ಮೂರು ಸಲ ಅಭ್ಯಾಸ ಮಾಡಿ. ಟ್ಯಾಂಕುಗಳ ನಿಜವಾದ ಪರೀಕ್ಷೆ ಇದೇ.

ನಾವು ಇಳಿಸಿದ್ದು ಆಗಸ್ಟಿನ ಒಂದು ಭಾನುವಾರ, ಬ್ರಾಡ್ಸ್‌ನ ಕೆರೆಗಳಲ್ಲೊಂದಾದ ಹಿಕ್ಲಿಂಗ್‌ನಲ್ಲಿ. ಮಗಳು ಮುಂದೆ ಕೂತಿದ್ದಳು, ಫೋನಿನಲ್ಲಿ ದೊಡ್ಡಪ್ಪ. ಗಾಳಿ ಹಾಯಿಗೆ ಹಿಡಿದಾಗ ತಳದಲ್ಲಿ ನೀರು ಗುಳುಗುಳು ಅಂದದ್ದು ಅವರಿಗೆ ಅಲ್ಲಿಂದಲೇ ಕೇಳಿಸಿತಂತೆ. ಒಂದೂವರೆ ಗಂಟೆ ಓಡಿಸಿ ದಡಕ್ಕೆ ತಂದು, ಟ್ರಾಲಿಯ ಮೇಲೆ ಎತ್ತಿ, ಒಂದೊಂದೇ ಬಿರಡೆ ತೆಗೆದೆ. ಎಡ ಟ್ಯಾಂಕು ಒಣ. ಮುಂದಿನದು, ಹಿಂದಿನದು ಒಣ. ತೇಪೆ ಹಾಕಿದ ಬಲ ಟ್ಯಾಂಕೂ ಒಣ. ಆದರೆ ದೋಣಿಯ ಒಳತಳದಲ್ಲಿ, ಡ್ಯಾಗರ್ ಬೋರ್ಡಿನ ಪೆಟ್ಟಿಗೆಯ ಬುಡದಲ್ಲಿ ಒಂದು ಲೋಟದಷ್ಟು ನೀರಿತ್ತು. ಸ್ಪಂಜಿನಲ್ಲಿ ಒರೆಸಿ ಐದು ನಿಮಿಷ ಕಾದೆ. ಎಡಗಡೆಯ ಹಿಂದಿನ ಮೂಲೆಯಿಂದ ಒಂದು ಹನಿ ಮೂಡಿತು.

ದೊಡ್ಡಪ್ಪ ಇನ್ನೂ ಫೋನಿನಲ್ಲೇ ಇದ್ದರು. "ಕಂಡ್ಯಾ?" ಅಂದರು. ಮಗಳು ಪೆನ್ಸಿಲು ತಂದು ಗುರುತು ಹಾಕಿದಳು.